ಓಡಿಹೋದೋರು: ಈ ಸಲದ ಪ್ರಶ್ನೋತ್ತರ

ಹೋದ ಸಂಚಿಕೇಲಿ ಯಾರೋ ಗೋವಾ ಟ್ರಿಪ್ ಬಗ್ಗೆ ಕೇಳಿದ್ದಕ್ಕೆ ಉತ್ತರ ಬರೀತಾ, ಹಳೇ ಗೋವಾದ ಬೀದೀಲಿ ಪೋರ್ಚುಗೀಸರ ಕಾಲದಲ್ಲಿ ಕುದುರೆ ಹರಾಜು ಹಾಕ್ತಿದ್ದ ಜಾಗದಲ್ಲೇ ಮನುಷ್ಯರನ್ನೂ ಹರಾಜು ಹಾಕ್ತಿದ್ರು ಅಂತ ಒಂದು ಸಾಲು ಸೇರಿಸಿದ್ದೆ. ಒಂದೇ ಸಾಲು. ಅದಕ್ಕೆ ಬಂದಿರೋ ಪತ್ರ, ಮೆಸೇಜು, ವಾಯ್ಸ್ ನೋಟು ನೋಡಿದ್ರೆ ಜನಕ್ಕೆ ಈ ವಿಷಯ ಎಷ್ಟು ದಿನದಿಂದ ಒಳಗೇ ಕೂತಿತ್ತೋ ಅನ್ನಿಸ್ತು. ಹಾಗಾಗಿ ಈ ತಿಂಗಳು ಪಿಂಚಣಿ, ತೋಟ, ಮದುವೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಕೊಂಡು ಇದೊಂದಕ್ಕೇ ಉತ್ತರ ಬರೀತಿದೀನಿ. ಹೆಸರು ಹಾಕ್ಬೇಡಿ ಅಂತ ತುಂಬಾ ಜನ ಕೇಳಿರೋದ್ರಿಂದ ಯಾರ ಹೆಸರನ್ನೂ ಹಾಕಿಲ್ಲ.

ಮೇಡಂ, ಗುಲಾಮಗಿರಿ ಅನ್ನೋದು ಬಿಳಿಯರು ಆಫ್ರಿಕಾದೋರಿಗೆ ಮಾಡಿದ್ದು, ನಮ್ಮಲ್ಲಿ ಬಡತನ ಇತ್ತು, ಜಾತಿ ಇತ್ತು, ಆದ್ರೆ ಗುಲಾಮರು ಇರ್ಲಿಲ್ಲ ಅಂತ ನಮ್ಮ ವಾಕಿಂಗ್ ಗ್ರೂಪಲ್ಲಿ ದೊಡ್ಡ ವಾದ ಆಯ್ತು. ನಿಜ ಏನು? (ನಿವೃತ್ತ ಬ್ಯಾಂಕ್ ನೌಕರರು, ಕುವೆಂಪುನಗರ, ಮೈಸೂರು)

ಇದ್ರು ಸರ್. ದೂರದಲ್ಲೂ ಅಲ್ಲ, ನಮ್ಮ ಪಕ್ಕದಲ್ಲೇ ಇದ್ರು.

ಟಿಪ್ಪು ಸತ್ತು ಒಂದು ವರ್ಷ ಆಗಿತ್ತಷ್ಟೆ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಮದ್ರಾಸಿಂದ ಹೊರಡಿಸ್ತಾನೆ, ಮೈಸೂರು, ಮಲಬಾರು, ಆಗ ಕೆನರಾ ಅಂತಿದ್ದ ನಮ್ಮ ಕರಾವಳಿ ಎಲ್ಲಾ ಸುತ್ತಿ ಏನು ಬೆಳೀತಾರೆ, ಯಾರು ದುಡೀತಾರೆ, ಎಷ್ಟು ಹುಟ್ಟುವಳಿ ಅಂತ ಬರ್ಕೊಂಡು ಬಾ ಅಂತ. ಅವನು ಶ್ರೀರಂಗಪಟ್ಟಣಕ್ಕೂ ಬಂದು ಹೋದ. ಘಟ್ಟ ಇಳಿದು ಮಲಬಾರಿಗೆ ಹೋದಾಗ ಗದ್ದೆ ಕೆಲಸದ ಚೆರುಮರು ಅನ್ನೋ ಜಾತಿಯೋರನ್ನ ಮೂರು ಥರ ಕೊಡ್ತಾರೆ ಅಂತ ಬರೀತಾನೆ: ಜನ್ಮ, ಕಾಣ, ಪಾಟ. ಜನ್ಮ ಅಂದ್ರೆ ಪೂರ್ತಿ ಮಾರಾಟ, ಕಾಣ ಅಂದ್ರೆ ಅಡವು, ಪಾಟ ಅಂದ್ರೆ ವರ್ಷಕ್ಕಿಷ್ಟು ಅಂತ ಬಾಡಿಗೆ. ಈ ಮೂರೂ ಪದ ಭೂಮಿ ವ್ಯವಹಾರದ ಪದಗಳು, ಗದ್ದೆಗೆ ಯಾವ ಪದವೋ ಆ ಗದ್ದೇಲಿ ದುಡಿಯೋ ಮನುಷ್ಯನಿಗೂ ಅದೇ ಪದ. ದಕ್ಷಿಣ ಕನ್ನಡದಲ್ಲಿ ಮೂಲದಾಳು, ಸಾಲದಾಳು ಅಂತ ಎರಡು ಮಾತಿತ್ತು, ಮೊದಲನೆಯವರು ಹುಟ್ಟಿನಿಂದ್ಲೇ ಒಡೆಯನ ಮನೆಗೆ ಸೇರಿದೋರು, ಎರಡನೆಯವರು ಸಾಲಕ್ಕೆ ಸಿಕ್ಕಿದೋರು.

ಇನ್ನೂ ಅನುಮಾನ ಇದ್ರೆ 1843ರ ಐದನೇ ಆಕ್ಟ್ ಓದೋಕೆ ಹೇಳಿ ನಿಮ್ಮ ಸ್ನೇಹಿತರಿಗೆ, ಒಂದೇ ಪುಟದ ಕಾನೂನು. ಅದ್ರಲ್ಲಿ ಮೊದಲನೇ ಮಾತೇ ಏನು ಗೊತ್ತಾ? ಕೋರ್ಟಿನ ಡಿಕ್ರಿ ಜಾರಿ ಮಾಡೋಕೋ ಕಂದಾಯ ವಸೂಲಿಗೋ ಯಾವ ಸರ್ಕಾರಿ ಅಧಿಕಾರಿಯೂ ಇನ್ಮೇಲೆ ಮನುಷ್ಯರನ್ನ ಗುಲಾಮರು ಅಂತ ಮಾರಬಾರದು ಅಂತ. ಯಾರೂ ಮಾರ್ತಾನೇ ಇರ್ಲಿಲ್ಲ ಅಂದಿದ್ರೆ ಮಾರಬಾರದು ಅಂತ ಬರೆಯೋ ಅಗತ್ಯ ಏನಿತ್ತು? ಕಂದಾಯ ಬಾಕಿಗೆ ದನ ಜಪ್ತಿ ಮಾಡಿದ ಹಾಗೆ ಆಳನ್ನೂ ಜಪ್ತಿ ಮಾಡಿ ಹರಾಜು ಹಾಕಿದ್ದು ಕಂಪನಿ ಸರ್ಕಾರವೇ.

ಅದಕ್ಕೆ ಹತ್ತು ವರ್ಷ ಮೊದ್ಲು, 1833ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡ್ತು, ನಾವೂ ಸ್ಕೂಲಲ್ಲಿ ಅದನ್ನೇ ಓದಿದ್ದು. ಓದದೇ ಇದ್ದಿದ್ದು ಎರಡು ಸಂಗತಿ. ಈಸ್ಟ್ ಇಂಡಿಯಾ ಕಂಪನಿ ಆಳ್ತಿದ್ದ ಸೀಮೆಗೆ ಆ ಕಾನೂನು ಅನ್ವಯ ಆಗ್ಲೇ ಇಲ್ಲ, ಬೇಕೂಂತ್ಲೇ ಹೊರಗಿಟ್ರು. ಮತ್ತೆ, ಬಿಡುಗಡೆ ಆದೋರಿಗೆ ಒಂದು ಕಾಸೂ ಕೊಡ್ಲಿಲ್ಲ, ಅವ್ರನ್ನ ಇಟ್ಕೊಂಡಿದ್ದ ಒಡೆಯರಿಗೆ ನಷ್ಟ ಪರಿಹಾರ ಅಂತ 2 ಕೋಟಿ ಪೌಂಡ್ ಕೊಟ್ರು. ಅದಕ್ಕೆ ಮಾಡಿದ ಸಾಲ ಬ್ರಿಟನ್ ಖಜಾನೆ ತೀರಿಸಿ ಮುಗಿಸಿದ್ದು 2015ರಲ್ಲಿ. ನೀವು ಬ್ಯಾಂಕಲ್ಲಿದ್ದೋರು, ಈ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಅರ್ಥ ಆಗುತ್ತೆ.

ಇನ್ನೊಂದು ಹೇಳ್ತೀನಿ. ತಲಶ್ಶೇರಿ ಹತ್ರ ಅಂಜರಕಂಡಿ ಅಂತ ಊರಿದೆ, ಮೈಸೂರಿಂದ ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನಕ್ಕೆ ಸೇರ್ಬಹುದು. ಅಲ್ಲಿ ಕಂಪನಿಯೋರು ದಾಲ್ಚಿನ್ನಿ, ಮೆಣಸು ಬೆಳೆಯೋಕೆ ದೊಡ್ಡ ತೋಟ ಹಾಕಿದ್ರು, ನೋಡ್ಕೊಳ್ತಿದ್ದೋನು ಮರ್ಡಾಕ್ ಬ್ರೌನ್. ತಿರುವಾಂಕೂರು ಕಡೆಯಿಂದ ಮಕ್ಕಳನ್ನ ಕದ್ದು ತಂದು ಅಲ್ಲಿ ದುಡಿಸ್ತಿದ್ರು. 1811ರ ಹೊತ್ತಿಗೆ ಮ್ಯಾಜಿಸ್ಟ್ರೇಟ್ ಆಗಿದ್ದ ಥಾಮಸ್ ಬೇಬರ್ ತೋಟಕ್ಕೆ ನುಗ್ಗಿ ಅವ್ರನ್ನ ಬಿಡಿಸ್ದ, ಕಂಪನಿಯ ಮೇಲಿನೋರ ಕೋಪಕ್ಕೂ ಗುರಿ ಆದ. ಇದೇ ಬೇಬರ್ 1805ರಲ್ಲಿ, ಕಂಪನಿ ವಿರುದ್ಧ ಬಂಡೆದ್ದಿದ್ದ ಮಲಬಾರಿನ ಪಳಶ್ಶಿರಾಜನನ್ನ ಬೆನ್ನಟ್ಟಿ ಹೋದ ಪಡೆಯ ಮುಂದಾಳು. ಒಬ್ಬನೇ ಮನುಷ್ಯ. ಚರಿತ್ರೆ ಓದ್ತಾ ಓದ್ತಾ ನನಗೆ ತುಂಬಾ ಕಷ್ಟ ಆಗೋದು ಇಂಥ ಜಾಗದಲ್ಲೇ.

ನಿಮ್ಮ ಗ್ರೂಪಿನೋರು "ಜಾತಿ ಇತ್ತು, ಗುಲಾಮರಿರ್ಲಿಲ್ಲ" ಅಂತಾರಲ್ಲ, ಆ ಎರಡನ್ನ ಬೇರೆ ಬೇರೆ ಡಬ್ಬೀಲಿ ಇಡೋಕೆ ಆಗಲ್ಲ ಸರ್. ಅಮೆರಿಕದಲ್ಲಿ ಓಡಿಹೋದೋನ ಕಾಲಿಗೆ ಸರಪಳಿ ಹಾಕ್ತಿದ್ರು. ಇಲ್ಲಿ ಓಡಿಹೋದೋನು ಯಾವ ಊರಿಗೆ ಹೋದ್ರೂ ಅಲ್ಲಿ ಅವ್ನಿಗೆ ಅದೇ ಕೇರಿ, ಅದೇ ಕೆಲಸ. ಬಾವಿ ನೀರು ಮುಟ್ಟೋ ಹಾಗಿಲ್ಲ, ಭೂಮಿ ಇಟ್ಕೊಳ್ಳೋ ಹಾಗಿಲ್ಲ. ಸರಪಳೀನೇ ಬೇಕಿರ್ಲಿಲ್ಲ.

ನಾನು ಶ್ರೀರಂಗಪಟ್ಟಣದಲ್ಲಿ ಪ್ರವಾಸಿಗರಿಗೆ ಕೋಟೆ ತೋರಿಸೋ ಕೆಲಸ ಮಾಡ್ತೀನಿ. ಫ್ರಾನ್ಸಿಂದ ಬಂದೋರು ಒಬ್ರು, "ಟಿಪ್ಪೂಗೆ ಸಹಾಯಕ್ಕೆ ಬಂದೋರು ನಮ್ಮ ಕ್ರಾಂತಿಯ ಮಕ್ಕಳು, ಗುಲಾಮಗಿರಿ ಕಿತ್ತೊಗೆದೋರು" ಅಂದ್ರು. ಹೌದಾ ಮೇಡಂ? ಏನ್ ಹೇಳ್ಲಿ?

ಅರ್ಧ ಹೌದು. ಇನ್ನರ್ಧ ಗೊತ್ತಾದ್ರೆ ನಿಮ್ಮ ಕೋಟೆ ಕಥೆ ಇನ್ನೂ ದೊಡ್ಡದಾಗುತ್ತೆ.

ಫ್ರೆಂಚರ ಕೈಲಿದ್ದ ಸ್ಯಾಂ ಡೊಮಿಂಗ್ ಅನ್ನೋ ಕೆರಿಬಿಯನ್ ಸೀಮೆ, ಇವತ್ತಿನ ಹೈಟಿ, ಅಲ್ಲಿ ಕಬ್ಬಿನ ತೋಟದ ಗುಲಾಮರು 1791ರ ಆಗಸ್ಟಲ್ಲಿ ದಂಗೆ ಎದ್ರು. ಪ್ಯಾರಿಸ್ಸಿನೋರು ಗುಲಾಮಗಿರಿ ರದ್ದು ಮಾಡಿದ್ದು ಅದಾದ್ಮೇಲೆ, 1794ರ ಫೆಬ್ರವರಿ 4ಕ್ಕೆ. ಅಂದ್ರೆ ಮೇಲಿಂದ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಲ್ಲ, ಕೆಳಗಿನೋರು ತಗೊಂಡಿದ್ದನ್ನ ಮೇಲಿನೋರು ಕಾಗದದಲ್ಲಿ ಒಪ್ಕೊಂಡ್ರು. 1802ರಲ್ಲಿ ನೆಪೋಲಿಯನ್ ಅದನ್ನೂ ವಾಪಸ್ ತಗೊಂಡ. ಹೈಟಿಯೋರು ಬಗ್ಗಲಿಲ್ಲ, ಅವ್ನ ಸೈನ್ಯಾನೇ ಸೋಲಿಸಿ 1804ರ ಜನವರಿ 1ಕ್ಕೆ ಸ್ವತಂತ್ರ ಆದ್ರು. ಅದಕ್ಕೆ ಶಿಕ್ಷೆ ಅನ್ನೋ ಹಾಗೆ 1825ರಲ್ಲಿ ಫ್ರಾನ್ಸು ಯುದ್ಧದ ಹಡಗು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೊಡಿ ಅಂತು, ನಿಮ್ಮನ್ನ ನೀವೇ ಬಿಡಿಸ್ಕೊಂಡಿದ್ರಿಂದ ನಮ್ಮ ತೋಟದ ಒಡೆಯರಿಗೆ ನಷ್ಟ ಆಗಿದೆ ಅಂತ. ಆಮೇಲೆ 9 ಕೋಟಿಗೆ ಇಳಿಸಿದ್ರು. ಇಲ್ಲೂ ಪರಿಹಾರ ಒಡೆಯರಿಗೇ.

ಈಗ ನಿಮ್ಮ ಕೋಟೆಗೆ ಬರೋಣ. ಕ್ರಾಂತಿ ಆದ್ಮೇಲೆ, ಆ ಸಲ ಟಿಪ್ಪು ಸಹಾಯ ಕೇಳಿ ದೂತರನ್ನ ಕಳಿಸಿದ್ದು ಪ್ಯಾರಿಸ್ಸಿಗಲ್ಲ, ಇಲ್ ದ ಫ್ರಾನ್ಸ್ ಅನ್ನೋ ದ್ವೀಪಕ್ಕೆ, ಅಂದ್ರೆ ಇವತ್ತಿನ ಮಾರಿಷಸ್. ಆ ದ್ವೀಪದ ಜನಸಂಖ್ಯೇಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಗುಲಾಮರು, ಮೊಜಾಂಬಿಕ್ಕಿಂದ, ಮಡಗಾಸ್ಕರಿಂದ ತಂದೋರು, ನಮ್ಮ ದೇಶದಿಂದ ಹೊತ್ಕೊಂಡು ಹೋದೋರೂ ಅವ್ರೊಳಗೆ ಇದ್ರು. 1796ರಲ್ಲಿ ಪ್ಯಾರಿಸ್ ಸರ್ಕಾರ ಇಬ್ರು ಅಧಿಕಾರಿಗಳ ಕೈಲಿ ಬಿಡುಗಡೆ ಆಜ್ಞೆ ಕಳಿಸಿದ್ರೆ ಅಲ್ಲಿನ ತೋಟದ ಒಡೆಯರು ಅವ್ರನ್ನ ಹಡಗು ಹತ್ತಿಸಿ ವಾಪಸ್ ಅಟ್ಟಿಬಿಟ್ರು. ಕ್ರಾಂತಿಯ ಬಾವುಟ ಇಟ್ಕೊಂಡ್ರು, ಕ್ರಾಂತಿಯ ಕಾನೂನು ಬೇಡ ಅಂದ್ರು. ಅದಾಗಿ ಎರಡೇ ವರ್ಷಕ್ಕೆ, 1798ರ ಜನವರಿ 30ಕ್ಕೆ, ಅಲ್ಲಿನ ಗವರ್ನರ್ ಮಲಾರ್ಟಿಕ್ ಟಿಪ್ಪು ಸೈನ್ಯಕ್ಕೆ ಸೇರೋರು ಬನ್ನಿ ಅಂತ ಗೋಡೆಗೋಡೆಗೆ ಪ್ರಕಟಣೆ ಅಂಟಿಸ್ದ, ಗುಟ್ಟಾಗಿರಬೇಕಿದ್ದ ವಿಷಯ ಕಲ್ಕತ್ತಾ ಪೇಪರಿಗೆ ಹೋಯ್ತು, ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಸಿಕ್ತು. ಕೊನೆಗೆ ಏಪ್ರಿಲಲ್ಲಿ ಮಂಗಳೂರಿಗೆ ಬಂದು ಇಳಿದೋರು ನೂರು ಜನಾನೂ ಇರ್ಲಿಲ್ಲ. ಬಂದ ಆ ಕೈತುಂಬ ಜನ ಕ್ರಾಂತಿಯ ಮಕ್ಕಳೇ ಇರ್ಬಹುದು, ಅವ್ರು ಹಡಗು ಹತ್ತಿದ ದಡ ಮಾತ್ರ ಗುಲಾಮರ ದುಡಿಮೇಲಿ ನಿಂತಿದ್ದ ದಡ. ಆ ಫ್ರೆಂಚ್ ಪ್ರವಾಸಿಗೆ ಇಷ್ಟು ಹೇಳಿ.

ಮತ್ತೆ ನಿಮಗೆ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಕೊಡಗಿಂದ, ಕರಾವಳಿಯ ಕ್ರೈಸ್ತರ ಊರುಗಳಿಂದ ಹಿಡಿದು ತಂದ ಜನಾನ ಇದೇ ಶ್ರೀರಂಗಪಟ್ಟಣದಲ್ಲಿ ಸೆರೇಲಿ ಇಟ್ಟಿದ್ರು. 1792ರಲ್ಲಿ ಕಾರ್ನ್‌ವಾಲಿಸ್ ಮುತ್ತಿಗೆ ಹಾಕಿದ ಗೊಂದಲದಲ್ಲಿ ಕೊಡವರು ಹೆಂಡ್ತಿ ಮಕ್ಕಳ ಸಮೇತ ತಪ್ಪಿಸ್ಕೊಂಡು ಊರಿನ ದಾರಿ ಹಿಡಿದ್ರು, ಕ್ರೈಸ್ತರು ವಾಪಸ್ ಹೋಗಿದ್ದು 1799 ಆದ್ಮೇಲೆ. ಟಿಪ್ಪೂನ ಹೊಗಳೋಕೋ ಬೈಯೋಕೋ ಇದನ್ನ ಹೇಳ್ತಿಲ್ಲ, ಆ ಎರಡಕ್ಕೂ ಜನ ಬೇಕಾದಷ್ಟಿದಾರೆ. ಕೋಟೆ ತೋರಿಸುವಾಗ ಬೇಲಿ ಹಾರಿ ಹೋದೋರ ದಾರೀನೂ ಒಂದು ಸಲ ತೋರಿಸಿ, ಅಷ್ಟೆ.

ಮೇಡಂ, ನಾನು ಮಳವಳ್ಳಿಯೋಳು, ಮೈಸೂರಲ್ಲಿ ಬಿ.ಎಡ್. ನನ್ನ ರೂಮ್‌ಮೇಟ್ ಯಲ್ಲಾಪುರದ ಸಿದ್ದಿ ಹುಡುಗಿ. ಬಸ್ಸಲ್ಲಿ, ಅಂಗಡೀಲಿ ಎಲ್ರೂ ಅವ್ಳನ್ನ ಇಂಗ್ಲಿಷಲ್ಲಿ ಮಾತಾಡಿಸ್ತಾರೆ, ಯಾವ್ ದೇಶ ಅಂತಾರೆ. ಅವ್ಳು ಕನ್ನಡದಲ್ಲಿ ಉತ್ತರ ಕೊಟ್ರೆ ನಗ್ತಾರೆ. ಅವ್ಳ ಇತಿಹಾಸ ನಂಗೂ ಗೊತ್ತಿಲ್ಲ, ಅವ್ಳನ್ನ ಕೇಳೋಕೆ ಮುಜುಗರ.

ಮುಜುಗರ ಪಟ್ಟೆಯಲ್ಲ, ಅದೇ ಒಳ್ಳೇ ಶುರು ಕಣಮ್ಮ.

ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದೋರು. ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಅವ್ರ ಕೈಲಿ ಆಫ್ರಿಕಾದ ಪೂರ್ವ ಕರಾವಳೀಲಿ ಮೊಜಾಂಬಿಕ್ ಇತ್ತು, ಅಲ್ಲಿಂದ ಹಡಗಲ್ಲಿ ತುಂಬಿಸ್ಕೊಂಡು ಬಂದು ಗೋವಾದಲ್ಲಿ ಮಾರ್ತಿದ್ರು. ಮನೆಗೆಲಸ, ಪಲ್ಲಕ್ಕಿ ಹೊರೋದು, ನೀರು ಹೊರೋದು, ಹಡಗಿನ ಕೆಲಸ, ಸೈನ್ಯ, ಎಲ್ಲದಕ್ಕೂ ಅವ್ರೇ. ಸಾಮಾನ್ಯ ಪೋರ್ಚುಗೀಸನ ಮನೇಲೂ ಗುಲಾಮರಿರೋರು. ಅಲ್ಲಿಂದ ತಪ್ಪಿಸ್ಕೊಂಡೋರು ಹತ್ತಿದ್ದು ಘಟ್ಟ. ಗೋವಾ ಗಡಿ ದಾಟಿದ್ರೆ ಪೋರ್ಚುಗೀಸರ ಕೈ ತಲುಪೋದಿಲ್ಲ, ಕಾಡಿದೆ, ನೀರಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಕಡೆ ಇವತ್ತು ಸಿದ್ದಿಗಳ ಹಾಡಿ, ಊರು ಎಲ್ಲಿವೆ ನೋಡು, ಮ್ಯಾಪ್ ಹಾಕ್ಕೊಂಡು ನೋಡು, ಗೋವಾದ ಬೆನ್ನಿಗೇ ಇವೆ. ಎಲ್ಲಾ ಸಿದ್ದಿಗಳೂ ಹೀಗೇ ಬಂದೋರು ಅಂತಲ್ಲ, ಅರಬ್ ವ್ಯಾಪಾರಿಗಳ ಜೊತೆ, ಬಿಜಾಪುರ ಸುಲ್ತಾನರ ಸೈನ್ಯಕ್ಕೆ ಅಂತ ಬಂದೋರೂ ಇದಾರೆ. ಅಹಮದ್‌ನಗರದಲ್ಲಿ ಮೊಘಲರನ್ನ ವರ್ಷಗಟ್ಲೆ ತಡೆದು ನಿಲ್ಲಿಸಿದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ ಕೈಯಿಂದ ಕೈಗೆ ಮಾರಾಟ ಆಗಿ ಬಂದೋನು. ಆದ್ರೆ ನಿನ್ನ ಗೆಳತಿಯ ಊರಿನ ಕಡೆಯ ಕಥೇಲಿ ಓಟ ಇದೆ, ಅದನ್ನ ಮರೀಬಾರ್ದು. ಪೋರ್ಚುಗೀಸರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಅಂತ ಹೇಳಿದ್ದು 1869ರಲ್ಲಿ. ಇವ್ರ ಹಿರಿಯರು ಅಲ್ಲೀವರೆಗೆ ಕಾಯ್ಲಿಲ್ಲ.

ಸಿದ್ದಿಗಳಲ್ಲಿ ಹಿಂದೂಗಳಿದಾರೆ, ಮುಸ್ಲಿಮರಿದಾರೆ, ಕ್ರೈಸ್ತರಿದಾರೆ. ಮನೆಮಾತು ಕೊಂಕಣಿಗೆ ಕನ್ನಡ, ಮರಾಠಿ ಬೆರೆತಿದ್ದು. ದಮಾಮಿ ಅಂತ ಡೋಲಿನ ಕುಣಿತ ಇದೆ, ಅದು ಶುರು ಆದ್ರೆ ಧರ್ಮ ಯಾರೂ ಕೇಳಲ್ಲ, ಎಲ್ರೂ ಕುಣಿಯೋರೇ. ಹೆಂಗಸರು ಹಳೇ ಬಟ್ಟೆ ಚೂರು ಸೇರಿಸಿ ಹೊಲಿಯೋ ಕೌದಿ ಈಗ ಪರದೇಶದ ಮ್ಯೂಸಿಯಂಗಳಿಗೂ ಹೋಗಿದೆ. ಇಷ್ಟೆಲ್ಲ ಇದ್ರೂ ಕಾಡಿನ ಕೂಲಿ, ಗೌಡ್ರ, ಭಟ್ರ ತೋಟದಲ್ಲಿ ಜೀತ, ಇದೇ ನೂರಾರು ವರ್ಷ. ಉತ್ತರ ಕನ್ನಡದ ಸಿದ್ದಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದೇ 2003ರಲ್ಲಿ. ಶಾಂತಾರಾಮ ಸಿದ್ದಿಯವ್ರು ವಿಧಾನ ಪರಿಷತ್ತಿಗೆ ನಾಮಕರಣ ಆಗಿದ್ದು 2020ರಲ್ಲಿ, ಆ ಸಮುದಾಯದಿಂದ ನಮ್ಮ ಶಾಸನಸಭೆಯೊಳಗೆ ಕಾಲಿಟ್ಟ ಮೊದಲನೆಯವ್ರು ಅವ್ರೇ.

ಮೈಸೂರಲ್ಲಿ ಆಫ್ರಿಕಾದ ವಿದ್ಯಾರ್ಥಿಗಳು ತುಂಬಾ ಜನ ಓದ್ತಾರಲ್ಲ, ಅದಕ್ಕೇ ಹಾಗೆ ಕೇಳ್ತಾರೆ ಅಂತ ಸಮಾಧಾನ ಹೇಳ್ಕೋಬಹುದು. ನಂಗೆ ಆ ಸಮಾಧಾನ ಸಾಲಲ್ಲ. ಐದಾರು ತಲೆಮಾರು ಇದೇ ನೆಲದಲ್ಲಿ ಹುಟ್ಟಿ ಸತ್ತೋರ ಮಗಳು ದಿನಾ ಬಸ್ಸಲ್ಲಿ ತನ್ನೂರನ್ನ ಸಾಬೀತು ಮಾಡ್ಬೇಕು ಅಂದ್ರೆ ತಪ್ಪು ಅವ್ಳದ್ದಲ್ಲ, ನಮ್ಮ ಪಾಠದ ಪುಸ್ತಕದ್ದು. ನೀನು ನಾಳೆ ಟೀಚರ್ ಆಗೋಳು. ಇತಿಹಾಸ ಕೇಳೋಕೆ ಮುಜುಗರ ಆದ್ರೆ ಮೊದ್ಲು ನಿಮ್ಮಜ್ಜಿ ಕಥೆ ನೀನು ಅವ್ಳಿಗೆ ಹೇಳು. ಅವ್ಳಜ್ಜಿ ಕಥೆ ತಾನಾಗೇ ಬರುತ್ತೆ.

ನಮ್ಮ ಕಡೆಯೋರನ್ನೂ ಗುಲಾಮರ ಹಾಗೆ ಹಡಗಲ್ಲಿ ಕಳಿಸಿದ್ರಂತೆ, ಹೌದಾ? (ಮದ್ದೂರು)

ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಲ್ಲ, ಆಗ ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿಸ್ಕೊಂಡು ಭಾರತದಿಂದ ಜನಾನ ಸಾಗಿಸೋಕೆ ಶುರು ಮಾಡಿದ್ರು. 1834ರ ನವೆಂಬರ್ 2ಕ್ಕೆ ಅಟ್ಲಾಸ್ ಅನ್ನೋ ಹಡಗಲ್ಲಿ 36 ಜನ ಮಾರಿಷಸ್ಸಿಗೆ ಇಳಿದ್ರು, ಆಮೇಲೆ ಆ ಒಂದು ದ್ವೀಪಕ್ಕೇ ಸುಮಾರು ನಾಲ್ಕೂವರೆ ಲಕ್ಷ ಜನ. ಫಿಜಿಗೆ 1879ರಿಂದ, 60 ಸಾವಿರಕ್ಕೂ ಮೇಲೆ. ಉತ್ತರದೋರು ಕಲ್ಕತ್ತಾದಿಂದ ಹತ್ತಿದ್ರು, ದಕ್ಷಿಣದೋರು ಮದ್ರಾಸಿಂದ. ಫಿಜೀಲಿ 1913ರಲ್ಲಿ ಕುಂತಿ ಅನ್ನೋ ಹೆಣ್ಣುಮಗಳು ಬಾಳೆ ತೋಟದಲ್ಲಿ ಮೇಲೆ ಬೀಳೋಕೆ ಬಂದ ಓವರ್ಸೀಯರ್ ಕೈಯಿಂದ ಬಿಡಿಸ್ಕೊಂಡು ಹೊಳೆಗೆ ಹಾರಿದ್ಲು, ಬದುಕಿದ್ಲು, ತನಗಾಗಿದ್ದನ್ನ ಇಲ್ಲಿನ ಪೇಪರಿಗೆ ತಲುಪಿಸಿದ್ಲು. ದೇಶದ ತುಂಬಾ ಗಲಾಟೆ ಆಯ್ತು. ಮುಂದೆ ಆ ಪದ್ಧತಿ ನಿಲ್ಲೋದಕ್ಕೆ ಅವ್ಳೂ ಒಂದು ಕಾರಣ. 1920ರ ಜನವರಿ 1ಕ್ಕೆ ಫಿಜಿಯ ಉಳಿದ ಕರಾರುಗಳೆಲ್ಲ ರದ್ದಾದ್ವು.

ನಂಗೀಗ ಎಪ್ಪತ್ತೊಂದು. ನಮ್ಮ ತಾತ ಕೊಡಗಿನ ಕಾಫಿ ಎಸ್ಟೇಟಿಗೆ ಮೇಸ್ತ್ರಿ ಹತ್ರ ಮುಂಗಡ ತಗೊಂಡು ಹೋಗಿ ಅರ್ಧಕ್ಕೇ ಓಡಿ ಬಂದ್ನಂತೆ, ಪೊಲೀಸ್ರು ಹುಡುಕ್ಕೊಂಡು ಬಂದಿದ್ರಂತೆ. ಊರಲ್ಲಿ ನಮ್ಮನೆಗೆ "ಮುಂಗಡ ತಿಂದೋರ ಮನೆ" ಅಂತ್ಲೇ ಹೆಸರು, ನಮ್ಮಪ್ಪ ಸಾಯೋತನಕ ತಲೆ ತಗ್ಗಿಸ್ಕೊಂಡೇ ಓಡಾಡಿದ್ರು. ನಿಮ್ಮ ಸಾಲು ಓದಿದ ಮೇಲೆ ಬರೀಬೇಕು ಅನ್ನಿಸ್ತು. (ಪಾಂಡವಪುರ ತಾಲ್ಲೂಕು)

ಅಣ್ಣ, ನಿಮ್ಮ ಕಾಗದ ಮೂರು ಸಲ ಓದ್ದೆ.

ನಿಮ್ಮ ತಾತ ಕಳ್ಳ ಅಲ್ಲ. ಅದನ್ನ ಬಾಯಿಮಾತಿಗೆ ಹೇಳ್ತಿಲ್ಲ, ಆ ಕಾಲದ ಕಾನೂನು ಇಟ್ಕೊಂಡು ಹೇಳ್ತೀನಿ. ಕೊಡಗಲ್ಲಿ ಯುರೋಪಿಯನ್ನರ ಕಾಫಿ ತೋಟ ಶುರುವಾಗಿದ್ದು 1854ರಲ್ಲಿ, ಮಡಿಕೇರೀಲಿ ಫೌಲರ್ ಅನ್ನೋನಿಂದ. ಕಾಡು ಕಡಿಯೋಕೆ, ಗುಂಡಿ ತೋಡೋಕೆ, ಹಣ್ಣು ಬಿಡಿಸೋಕೆ ಜನ ಬೇಕಾಯ್ತು, ಮೈಸೂರು ಸೀಮೆಯಿಂದ ಪಿರಿಯಾಪಟ್ಟಣ, ಕುಶಾಲನಗರದ ಹಾದೀಲಿ ಗುಂಪು ಗುಂಪಾಗಿ ಹೋದ್ರು. ಮಧ್ಯೆ ಮೇಸ್ತ್ರಿ. ತೋಟದ ಬಿಳಿ ದೊರೆ ಮೇಸ್ತ್ರಿಗೆ ದುಡ್ಡು ಕೊಡೋನು, ಮೇಸ್ತ್ರಿ ಹಳ್ಳಿಗೆ ಬಂದು ಮಳೆ ಹೋದ ವರ್ಷ, ಮದುವೆ ಇರೋ ಮನೆ, ಕಾಯಿಲೆ ಬಿದ್ದ ಮನೆ ನೋಡಿ ಮುಂಗಡ ಕೊಡೋನು. ಅಕ್ಕಿ, ಕಂಬಳಿ ಅಂತ ಎಸ್ಟೇಟಲ್ಲಿ ಕೊಟ್ಟಿದ್ದೂ ಅದೇ ಲೆಕ್ಕಕ್ಕೆ ಏರೋದು. ಲೆಕ್ಕ ಬರೆಯೋನೂ ಮೇಸ್ತ್ರೀನೇ, ಓದು ಬಾರದೋನಿಗೆ ಆ ಲೆಕ್ಕ ಯಾವತ್ತು ತೀರ್ಬೇಕು?

ಈಗ ಕಾನೂನು ನೋಡಿ. 1859ರ 13ನೇ ಆಕ್ಟ್ ಅಂತ ಒಂದು ಮಾಡಿದ್ರು. ಮುಂಗಡ ತಗೊಂಡ ಕೂಲಿಯೋನು ಕೆಲಸ ಬಿಟ್ರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು, ದುಡ್ಡು ಕಟ್ಟು ಇಲ್ಲಾ ಹೋಗಿ ದುಡಿ ಅಂತ ಆಜ್ಞೆ ಮಾಡ್ಬಹುದು, ಕೇಳದೇ ಇದ್ರೆ ಮೂರು ತಿಂಗಳವರೆಗೆ ಕಠಿಣ ಸಜೆ. ದೊರೆ ಕೂಲಿ ಕೊಡದೇ ಹೋದ್ರೆ, ಹೊಡೆದ್ರೆ, ಜ್ವರದಲ್ಲಿದ್ದೋನನ್ನ ಗುಂಡಿ ತೋಡೋಕೆ ಎಬ್ಬಿಸಿದ್ರೆ ಆ ಕಾನೂನಲ್ಲಿ ಅವ್ನಿಗೆ ಜೈಲಿಲ್ಲ. ಸಾಲ ತೀರಿಸದೇ ಇರೋದು ಬೇರೆ ಎಲ್ರಿಗೂ ಸಿವಿಲ್ ವ್ಯಾಜ್ಯ, ಕೂಲಿಯೋನಿಗೆ ಮಾತ್ರ ಕ್ರಿಮಿನಲ್. ಅದಕ್ಕೇ ಪೊಲೀಸ್ರು ನಿಮ್ಮನೆಗೆ ಬಂದಿದ್ದು. 1843ರಲ್ಲಿ ಗುಲಾಮಗಿರೀನ ಕೋರ್ಟು ಒಪ್ಪಲ್ಲ ಅಂದ್ರು, 1860ರ ದಂಡಸಂಹಿತೇಲಿ ಮನುಷ್ಯರನ್ನ ಕೊಳ್ಳೋದು ಮಾರೋದು ಅಪರಾಧ ಅಂದ್ರು, ಅವೆರಡರ ನಡುವೇನೇ 1859ರಲ್ಲಿ ಓಡಿಹೋಗೋದನ್ನ ಅಪರಾಧ ಮಾಡಿಟ್ರು. ಮಾರೋ ಹಕ್ಕು ಹೋಯ್ತು, ಹಿಡಿದಿಟ್ಕೊಳ್ಳೋ ಹಕ್ಕು ಬೇರೆ ಬಾಗಿಲಿಂದ ಒಳಗೆ ಬಂತು. ಆ ಆಕ್ಟನ್ನ ತೆಗೆದುಹಾಕಿದ್ದು 1920ರ ದಶಕದ ನಡುಭಾಗಕ್ಕೆ, ಅಂದ್ರೆ ಸುಮಾರು ಅರವತ್ತೈದು ವರ್ಷ ಅದು ಜನರ ಬೆನ್ನ ಮೇಲಿತ್ತು.

ಚಳಿ, ಜಿಗಣೆ, ಮಲೇರಿಯಾ, ಪಕ್ಕದ ಲೈನ್ ಮನೇಲಿ ದಿನಾ ಒಂದು ಸಾವು, ಕೈಲಿ ಕಾಸಿಲ್ಲ, ಹೊರಟ್ರೆ ಹಿಂದೆ ಪೊಲೀಸು. ಆದ್ರೂ ನಿಮ್ಮ ತಾತ ಕತ್ತಲಲ್ಲಿ ಕಾಡು ದಾಟಿ ಕಾವೇರಿ ದಡ ಹಿಡ್ಕೊಂಡು ಊರಿಗೆ ನಡೆದು ಬಂದ. ನಾವು ಹೋರಾಟ ಅಂದ್ರೆ ಬಾವುಟ ಹಿಡ್ಕೊಂಡು ಮೆರವಣಿಗೆ ಹೋಗೋದು, ಭಾಷಣ ಮಾಡೋದು, ಶಿವಪುರದಲ್ಲಿ ಧ್ವಜ ಏರಿಸಿದ್ದು, ಇಷ್ಟೇ ಅನ್ಕೊಂಡಿದೀವಿ. ಅದೆಲ್ಲ ದೊಡ್ಡದೇ, ಇಲ್ಲ ಅನ್ನಲ್ಲ. ಓಡಿಹೋಗೋದು ಬಿಟ್ಟು ಬೇರೆ ಏನೂ ಕೈಲಿಲ್ಲದೋರು ಓಡಿಹೋದ್ರಲ್ಲ, ಅದೂ ಹೋರಾಟಾನೇ. ಮಾರಿಷಸ್ಸಲ್ಲಿ ಲೆ ಮೋರ್ನ್ ಅಂತ ಒಂದು ಬೆಟ್ಟ ಇದೆ, ಗುಲಾಮರು ಓಡಿಹೋಗಿ ಅಡಗ್ತಿದ್ದ ಬೆಟ್ಟ, 2008ರಲ್ಲಿ ಅದನ್ನ ವಿಶ್ವ ಪರಂಪರೆಯ ಜಾಗ ಅಂತ ಘೋಷಿಸಿದಾರೆ. ಅಲ್ಲಿ ಓಡಿಹೋದೋರ ಬೆಟ್ಟಕ್ಕೆ ಜನ ಕೈ ಮುಗೀತಾರೆ, ಇಲ್ಲಿ ಓಡಿ ಬಂದೋನ ಮನೆಗೆ ಅಡ್ಡಹೆಸರಿಟ್ಟು ಮೂರು ತಲೆಮಾರು ಆಡ್ಕೊಂಡ್ರು. ನಿಮ್ಮಪ್ಪನಿಗೆ ಇದನ್ನ ಯಾರಾದ್ರೂ ಬದುಕಿದ್ದಾಗ್ಲೇ ಹೇಳ್ಬೇಕಿತ್ತು.

ಜೀತ ಮತ್ತೆ ಗುಲಾಮಗಿರಿ ಒಂದೇನಾ? ನಮ್ಮೂರ ಹಿರಿಯರು "ಜೀತದೋರು ಮನೆ ಮಕ್ಕಳ ಥರ ಇದ್ರು" ಅಂತಾರೆ. (ಕಾಲೇಜು ಉಪನ್ಯಾಸಕರು, ಮಂಡ್ಯ)

ನಮ್ಮನೇಲೂ ಹಾಗೇ ಅಂತಿದ್ರು.

ನಮ್ಮೂರು ಕೆ.ಆರ್. ಪೇಟೆ ಕಡೆ. ನಮ್ಮ ತಾತನ ಮನೇಲಿ ಒಬ್ಬ ಆಳಿದ್ದ, ಅವ್ರಪ್ಪ ಮಗಳ ಮದುವೆಗೆ ಅಂತ ತಗೊಂಡಿದ್ದ ಸಾಲಕ್ಕೆ ಇವ್ನನ್ನ ಹುಡುಗನಾಗಿದ್ದಾಗ ತಂದು ಬಿಟ್ಟಿದ್ದು. ಯುಗಾದಿಯಿಂದ ಯುಗಾದಿಗೆ ಲೆಕ್ಕ, ಪ್ರತಿ ಯುಗಾದಿಗೂ ಇನ್ನೂ ಬಾಕಿ ಇದೆ ಅಂತ್ಲೇ ಆಗೋದು. ಕೊಟ್ಟಿಗೇಲಿ ಮಲಗೋನು, ಕೈಯೆತ್ತಿ ಹಾಕಿದ ಮುದ್ದೆ ಬೊಗಸೇಲಿ ಹಿಡ್ಕೊಳೋನು, ನನ್ನನ್ನ ಸ್ಕೂಲಿನ ತನಕ ಹೆಗಲ ಮೇಲೆ ಕೂರಿಸ್ಕೊಂಡು ಹೋಗೋನು, ಸ್ಕೂಲೊಳಗೆ ಬರ್ತಿರ್ಲಿಲ್ಲ. ನಂಗೆ ಎಂಟೋ ಒಂಬತ್ತೋ ಇದ್ದಾಗ ಒಂದಿನ ರಾತ್ರಿ ಓಡಿಹೋದ. ನಮ್ಮ ತಾತ ಇಬ್ರನ್ನ ಕಳಿಸಿ ಸಂತೆಯಿಂದ ಹಿಡಿಸ್ಕೊಂಡು ಬಂದ್ರು. ಕಂಬಕ್ಕೆ ಕಟ್ಟಿದ್ದು ನಾನು ನೋಡ್ದೆ. ಮನೇಲಿ ಯಾರೂ ಅದರ ಬಗ್ಗೆ ಮಾತಾಡ್ಲಿಲ್ಲ, ಮಾರನೇ ದಿನ ಅವ್ನು ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಹೋದ. ಮುಂದಿನ ವರ್ಷ ಮತ್ತೆ ಹೋದ, ಆ ಸಲ ಸಿಗಲಿಲ್ಲ. "ಉಂಡ ಮನೆಗೆ ಎರಡು ಬಗೆದ" ಅಂತ ನಮ್ಮಜ್ಜಿ ಬಹಳ ದಿನ ಶಾಪ ಹಾಕ್ತಿದ್ರು.

ಮನೆ ಮಗ ಆಗಿದ್ರೆ ಕಂಬಕ್ಕೆ ಯಾಕೆ ಕಟ್ತಿದ್ರು?

ಒಂದೇನಾ ಅಂತ ಕೇಳಿದ್ರಿ. ಜೀತದಾಳನ್ನ ಸಂತೇಲಿ ಮಾರ್ತಿರ್ಲಿಲ್ಲ, ಅದು ನಿಜ, ವ್ಯತ್ಯಾಸ ಇದೆ. ಆದ್ರೆ ಬಿಟ್ಟು ಹೋಗೋಕೆ ಆಗುತ್ತಾ ಇಲ್ವಾ ಅಂತ ನೋಡಿ, ಅಲ್ಲಿ ಎರಡೂ ಒಂದೇ. ದೇಶದ ಕಾನೂನೂ ಕೊನೆಗೆ ಅದನ್ನೇ ನೋಡ್ತು. 1975ರ ಅಕ್ಟೋಬರಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಆಯ್ತು: ಜೀತದ ಸಾಲ ಅಲ್ಲಿಗೇ ಮುಗೀತು, ವಾಪಸ್ ಕೊಡೋ ಹಾಗಿಲ್ಲ, ಕೇಳೋ ಹಾಗೂ ಇಲ್ಲ, ಇಟ್ಕೊಂಡೋನಿಗೆ ಮೂರು ವರ್ಷದವರೆಗೆ ಜೈಲು. ಆಗ ನಮ್ಮಲ್ಲಿ ಮುಖ್ಯಮಂತ್ರಿ ಆಗಿದ್ದು ಹುಣಸೂರಿನ ದೇವರಾಜ ಅರಸು, ಉಳುವವನೇ ಹೊಲದೊಡೆಯ ಅಂತ ಭೂಸುಧಾರಣೆ ಮಾಡ್ತಿದ್ದ ಕಾಲ. 1982ರಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಕೇಸಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದ್ರೆ ಅದೂ ಬಲವಂತದ ದುಡಿಮೆ ಅಂತು.

ಹಾಗಾಗಿ ಇದು ಹಳೇ ಕಥೆ ಅಂತ ಮುಚ್ಚಿಡೋ ಹಾಗಿಲ್ಲ ಸರ್. ನಮ್ಮ ಜಿಲ್ಲೇಲಿ ಕಬ್ಬು ಕಡಿಯೋಕೆ, ಆಲೆಮನೆಗೆ, ಇಟ್ಟಿಗೆ ಗೂಡಿಗೆ ಮುಂಗಡ ಕೊಟ್ಟು ದೂರದಿಂದ ಸಂಸಾರ ಸಮೇತ ಕರ್ಕೊಂಡು ಬರ್ತಾರಲ್ಲ, ಅವ್ರಲ್ಲಿ ಯಾರನ್ನಾದ್ರೂ ಹೊರಗೆ ಬಿಡ್ತಿಲ್ಲ, ಲೆಕ್ಕ ತೋರಿಸ್ತಿಲ್ಲ, ಆಧಾರ್ ಕಾರ್ಡ್ ಕಿತ್ತಿಟ್ಕೊಂಡಿದಾರೆ ಅಂತ ಗೊತ್ತಾದ್ರೆ ತಹಶೀಲ್ದಾರ್‌ಗೋ ಎ.ಸಿ.ಗೋ ಡಿ.ಸಿ.ಗೋ ಒಂದು ಅರ್ಜಿ ಬರೆದು ಕೊಡಿ. ಬಿಡುಗಡೆ ಪತ್ರ ಅಂತ ಕೊಡ್ತಾರೆ, ಅದು ಕೈಲಿದ್ರೇನೇ ಪುನರ್ವಸತಿ ಸಿಗೋದು, ಬರೀ ಬಾಯಲ್ಲಿ ಬಿಡಿಸಿ ಬಸ್ ಹತ್ತಿಸಿದ್ರೆ ಆರು ತಿಂಗಳಿಗೆ ಮತ್ತೆ ಅದೇ ಮುಂಗಡಕ್ಕೆ ಬೀಳ್ತಾರೆ.

ನಮ್ಮ ಹಿರಿಯರ ಹೆಸರು ಹಳೇ ದಾಖಲೇಲಿ ಸಿಗುತ್ತಾ? ಎಲ್ಲಿ ಹುಡುಕೋದು? (ಮೂರು ಜನ ಕೇಳಿದಾರೆ, ಒಬ್ರು ಪಾಂಡವಪುರದ ಅಣ್ಣನೇ)

ಮೈಸೂರು ಸಂಸ್ಥಾನದ ಕಡತಕ್ಕೆ ಕರ್ನಾಟಕ ರಾಜ್ಯ ಪತ್ರಾಗಾರ, ಬೆಂಗಳೂರಲ್ಲಿದೆ, ಮೈಸೂರಲ್ಲೂ ವಿಭಾಗೀಯ ಕಚೇರಿ ಇದೆ, ಮೊದ್ಲು ಅಲ್ಲೇ ಕೇಳಿ. ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿಗೆ ಸೇರಿದ್ದರಿಂದ ಅಲ್ಲಿನ ಹಳೇ ಕಾಗದ ಬೇಕಾದ್ರೆ ಚೆನ್ನೈನ ಎಗ್ಮೋರ್ ಪತ್ರಾಗಾರ. ಮಾರಿಷಸ್ಸಿಗೆ ಹೋದೋರಾದ್ರೆ ಅಲ್ಲಿನ ಮೋಕಾ ಊರಲ್ಲಿ ಮಹಾತ್ಮ ಗಾಂಧಿ ಇನ್ಸ್ಟಿಟ್ಯೂಟ್ ಇದೆ, ಅವ್ರ ಹತ್ರ ವಲಸಿಗರ ರಿಜಿಸ್ಟ್ರು, ಫೋಟೋ ಸಮೇತ ಇವೆ.

ಎಸ್ಟೇಟಿಗೆ ಹೋದೋರನ್ನ ಹುಡುಕುವಾಗ ಕೂಲಿ ಪಟ್ಟಿ ಒಂದನ್ನೇ ನೋಡಿ ವಾಪಸ್ ಬರ್ಬೇಡಿ, ಮ್ಯಾಜಿಸ್ಟ್ರೇಟ್ ಕೇಸುಗಳನ್ನೂ ಕೇಳಿ. ಕನ್ನಡ ಕಾಗದದಲ್ಲಿ "ಫರಾರಿ" ಅಂತ ಪದ ಹುಡುಕಿ, ಇಂಗ್ಲಿಷಲ್ಲಿದ್ರೆ "ಅಬ್ಸ್ಕಾಂಡೆಡ್". ಸುಮ್ಮನೆ ದುಡಿದೋರ ಹೆಸರು ಎಷ್ಟೋ ಕಡೆ ಬರ್ದೇ ಇಲ್ಲ, ಇಷ್ಟು ಗಂಡು ಇಷ್ಟು ಹೆಣ್ಣು ಅಂತ ಲೆಕ್ಕ ಹಾಕಿ ಬಿಟ್ಟಿರ್ತಾರೆ. ಓಡಿಹೋದೋನನ್ನ ಹಿಡೀಬೇಕಲ್ಲ, ಅದಕ್ಕೆ ಅವ್ನ ಹೆಸರು, ಅಪ್ಪನ ಹೆಸರು, ಊರು ಬರೀಲೇಬೇಕಿತ್ತು. ಪಾಂಡವಪುರದ ಅಣ್ಣ, ನಿಮ್ಮ ತಾತನ ಹೆಸರು ಸಿಕ್ಕೋ ಸಾಧ್ಯತೆ ಇದ್ರೆ ಅದು ಇಲ್ಲೇ.

ನಮ್ಮನೇಲಿದ್ದೋನ ಹೆಸರು ನಂಗೆ ಗೊತ್ತಿಲ್ಲ. ಈ ಉತ್ತರ ಬರೆಯೋ ಮುಂಚೆ ನಮ್ಮಮ್ಮನಿಗೆ ಫೋನ್ ಮಾಡಿ ಕೇಳ್ದೆ, ಎಂಬತ್ತೆಂಟು ಅವ್ರಿಗೆ, ಸ್ವಲ್ಪ ಹೊತ್ತು ಸುಮ್ಮನಿದ್ದು "ಆಳು ಅಂತ್ಲೇ ಕರೀತಿದ್ವಲ್ಲೇ" ಅಂದ್ರು. ಕೆ.ಆರ್. ಪೇಟೆ ಸಂತೆ ಕಡೆಯೋರು ಯಾರಿಗಾದ್ರೂ, 1960ರ ದಶಕದ ಕೊನೇಲಿ ನಮ್ಮಪ್ಪ, ನಮ್ಮ ತಾತ ಜೀತದ ಮನೆಯಿಂದ ಎರಡು ಸಲ ಓಡಿ ಬಂದ್ರು, ಎರಡನೇ ಸಲ ಸಿಗಲಿಲ್ಲ ಅಂತ ಮನೇಲಿ ಕಥೆ ಇದ್ರೆ ದಯವಿಟ್ಟು ಪತ್ರಿಕೆ ವಿಳಾಸಕ್ಕೆ ಬರೀರಿ. ಅವ್ರ ಹೆಸರು ಬೇಕು ನಂಗೆ.